ಸಾಹುಕಾರರು ಎಲ್ಲವನ್ನೂ ಕೊಟ್ಟ ದಿನ

ಊರಿನ ಅರ್ಧ ಜನ ಮಲಗುವುದು ಫ್ಯಾನ್ ಸಾಹುಕಾರರ ಫ್ಯಾನಿನ ಕೆಳಗೇ. ಅಂಥವರು ಇವತ್ತು ವೇದಿಕೆಯ ಮೇಲೆ ಬೆವರು ಒರೆಸಿಕೊಳ್ಳುತ್ತ ನಿಂತಿದ್ದರು. ಫ್ಯಾನ್ ಕಾರ್ಖಾನೆ, ಷೇರು, ಜಮೀನು ಎಲ್ಲವನ್ನೂ ಬಡರೋಗಿಗಳ ಆಸ್ಪತ್ರೆಗಳ ಟ್ರಸ್ಟಿಗೆ ಬರೆದುಕೊಟ್ಟು ನಿವೃತ್ತರಾಗುವ ದಿನ. ಮೊದಲ ಸಾಲಿನಲ್ಲಿ ಕೂತಿದ್ದ ಒಬ್ಬಳೇ ಮಗಳು ಅಪ್ಪನ ಮಾತಿನ ಜೊತೆಗೆ ತಾನೂ ತುಟಿ ಆಡಿಸುತ್ತಿದ್ದಳು. ಭಾಷಣ ಬರೆದವಳು ಅವಳೇ. ಎಲ್ಲಿ ನಿಲ್ಲಿಸಿ ನೀರು ಕುಡಿಯಬೇಕು ಎಂಬುದಕ್ಕೂ ಗುರುತು ಹಾಕಿಕೊಟ್ಟಿದ್ದಳು.

ಆಸ್ತಿಯೆಲ್ಲ ಕೈತಪ್ಪಿತಲ್ಲ, ಮಗಳಿಗೆ ಹೊಟ್ಟೆ ಉರಿಯದೆ ಇರುತ್ತದೆಯೇ ಎಂದು ಹಿಂದಿನ ಸಾಲಿನವರು ಪಿಸುಗುಟ್ಟುತ್ತಿದ್ದರು. ಪಾಪ, ಅವರಿಗೇನು ಗೊತ್ತು. ಅವಳಿಗೆ ಕುಣಿಯುವಷ್ಟು ಖುಷಿಯಾಗಿತ್ತು. ಅಮ್ಮ ತೀರಿಕೊಂಡ ವರ್ಷ ಕಾರ್ಖಾನೆಗೆ ಬಂದು ಕೂತವಳು ಕೂದಲು ನೆರೆಯುವವರೆಗೂ ಎದ್ದಿರಲಿಲ್ಲ. ಅಪ್ಪನ ಮುಂಗೋಪ, ಯೂನಿಯನ್ನಿನ ಜಗಳ, ತಿರುಗದೆ ವಾಪಸು ಬಂದ ಫ್ಯಾನು, ಎಲ್ಲ ಅವಳ ತಲೆಗೇ. "ನಾನು ರಿಟೈರ್ ಆದ ದಿನ ನೀನು ಎಲ್ಲಿಗೆ ಬೇಕಾದ್ರೂ ಹೋಗಮ್ಮ" ಎಂದು ಅಪ್ಪ ಮಾತು ಕೊಟ್ಟಿದ್ದರು. ಅದನ್ನು ನಂಬಿ, ಸಮುದ್ರದ ದಂಡೆಯ ಊರೊಂದರಲ್ಲಿ ಗೆಳತಿಯ ಜೊತೆ ಹೂಗಿಡಗಳ ನರ್ಸರಿ ಮಾಡಲೆಂದು ಮನೆ ಹಿಡಿದಿದ್ದಳು. ಸೂಟ್‌ಕೇಸು ಕಾರಿನ ಡಿಕ್ಕಿಯಲ್ಲೇ ಇತ್ತು. ಸಂಜೆಗೆ ರೈಲು.

ಭಾಷಣದ ಕೊನೆಯ ಸಾಲು ಮುಗಿಯಿತು. ಇನ್ನು ಕೈಮುಗಿದು ಕೂರಬೇಕು. ಸಾಹುಕಾರರು ಕೂರಲಿಲ್ಲ, ಹಾಳೆ ಮಡಚಿ ಜೇಬಿಗಿಟ್ಟರು. ಮಗಳ ತುಟಿ ಅಲ್ಲಿಗೇ ನಿಂತಿತು. ಅಪ್ಪ ಹಾಳೆ ಬಿಟ್ಟು ಮಾತಾಡಿದಾಗಲೆಲ್ಲ ಯಾರಿಗಾದರೂ ಗ್ರಹಚಾರ ಕಾದಿರುತ್ತಿತ್ತು.

"ಇದನ್ನೆಲ್ಲ ನೋಡ್ಕೊಳ್ಳೋರು ಯಾರು ಅಂತ ನೀವು ಕೇಳ್ಬೋದು" ಎಂದರು. ಮಗಳತ್ತ ಕೈ ತೋರಿಸಿದರು. "ನನ್ನ ಮಗಳಿದ್ದಾಳೆ. ಅವಳು ಇರೋವರೆಗೂ ಅವಳೇ ಈ ಟ್ರಸ್ಟಿನ ಅಧ್ಯಕ್ಷೆ. ನಾನಿನ್ನು ನಿಶ್ಚಿಂತೆಯಿಂದ ಕಣ್ಣು ಮುಚ್ತೀನಿ."

ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಕ್ಯಾಮೆರಾಗಳೆಲ್ಲ ಅವಳತ್ತ ತಿರುಗಿದವು. ಪಕ್ಕದಲ್ಲಿದ್ದ ದೊಡ್ಡ ಡಾಕ್ಟರಮ್ಮ ಅವಳ ಎರಡೂ ಕೈ ಹಿಡಿದುಕೊಂಡು ಕಣ್ಣೀರು ಹಾಕಿದರು. ಆಗುವುದಿಲ್ಲ ಎನ್ನಲು ಅವಳು ಬಾಯಿ ತೆರೆದಳು. ಅಷ್ಟು ಜನರ ಮುಂದೆ, ಅದೂ ರೋಗಿಗಳ ಹೆಸರಿನಲ್ಲಿ ಹೊರಿಸಿದ್ದನ್ನು ಆಗುವುದಿಲ್ಲ ಎನ್ನುವುದಾದರೂ ಹೇಗೆ? ತೆರೆದ ಬಾಯನ್ನು ಫೋಟೋದವರು ನಗು ಎಂದುಕೊಂಡು ಕ್ಲಿಕ್ಕಿಸಿದರು. ಸೋದರತ್ತೆ ಬೆನ್ನು ಸವರಿ, "ಪುಣ್ಯ ಮಾಡಿದ್ದೆ ಕಣೆ" ಎಂದರು. ಅತ್ತೆಯ ಕೈ ಕಿತ್ತೆಸೆಯಬೇಕೆನ್ನುವಷ್ಟು ಸಿಟ್ಟು ಬಂತು ಅವಳಿಗೆ.

ಮನೆಗೆ ಮರಳುವ ಕಾರಿನಲ್ಲಿ ಸಿಟ್ಟು ನುಂಗಿಕೊಂಡೇ ಕೇಳಿದಳು.

"ಅಪ್ಪಾ, ನನ್ನನ್ನ ಒಂದು ಮಾತು ಕೇಳ್ಬೋದಿತ್ತಲ್ಲ?"

"ಕೇಳಿದ್ರೆ ನೀನು ಬೇಡ ಅಂತಿದ್ದೆ" ಎಂದರು ಸಾಹುಕಾರರು.

ಕೊಟ್ಟ ಮಾತನ್ನು ಅಪ್ಪ ಮರೆತಿರಬೇಕು ಎಂದುಕೊಂಡಿದ್ದಳು. ಮರೆತಿರಲಿಲ್ಲ.

"ಎಲ್ಲ ಕೊಟ್ಟಾಯ್ತು ನೋಡು. ಎಷ್ಟು ಹಗುರ ಆಗಿದೆ ಗೊತ್ತಾ" ಎನ್ನುತ್ತ ಅವರು ಮಗಳ ಹೆಗಲಿಗೆ ತಲೆಯಾನಿಸಿದರು. ಎರಡು ತಿರುವು ದಾಟುವಷ್ಟರಲ್ಲಿ ಗೊರಕೆ ಶುರುವಾಯಿತು.

ಡ್ರೈವರ್ ಕನ್ನಡಿಯಲ್ಲಿ ನೋಡಿ ದನಿ ತಗ್ಗಿಸಿದ. "ಅಮ್ಮಾ, ಸೂಟ್‌ಕೇಸು ಡಿಕ್ಕೀಲೇ ಇದೆ. ಸ್ಟೇಷನ್ನಿಗೆ ಎಷ್ಟೊತ್ತಿಗೆ ಹೊರಡೋಣ?"

ಹೆಗಲು ಅಲುಗಿದರೆ ಅಪ್ಪನಿಗೆ ಎಚ್ಚರವಾದೀತೆಂದು ಅವಳು ಬಿಗಿಯಾಗಿ ಕೂತಿದ್ದಳು.

"ಮನೆ ಬಂದ್ಮೇಲೆ ಒಳಗೆ ತಂದಿಡಪ್ಪ" ಎಂದಳು.