ಕೆಂಪು ದಾರದ ಮರಿಗಳು

ನನ್ನ ಕೈಗುಣ ಒಳ್ಳೆಯದು ಎಂದು ಮೊಳಕಾಲ್ಮೂರಿನ ನಮ್ಮ ಬೀದಿಗೆಲ್ಲ ಡಂಗುರ ಸಾರಿದವಳು ಗೀತಮ್ಮನೇ. "ಚೌಡೇಶ್ವರಿ ಮುಟ್ಟಿದ ಮರಿ ಸಾಯಲ್ಲ ಕಣ್ರೇ" ಎಂದು ನನ್ನ ಹೆಸರು ಹಿಡಿದು ಕಂಡಕಂಡವರ ಹತ್ತಿರ ಹೇಳುತ್ತಿದ್ದಳು. ಹೊಗಳಿದರೆ ಉಬ್ಬಿಹೋಗುವವಳು ನಾನು. ಅದಕ್ಕೇ ಈ ಸಲ ಇಬ್ಬರೂ ಸೇರಿ ನೂರಿಪ್ಪತ್ತು ಗಿರಿರಾಜ ಕೋಳಿಮರಿ ತರಿಸಿದಾಗ ಅಷ್ಟೂ ನಮ್ಮ ಮನೆಗೇ ಬಂದವು. ಅರ್ಧ ಅವಳವು, ಅರ್ಧ ನನ್ನವು. ಮೈಮೇಲೆ ಪುಕ್ಕ ಬರುವವರೆಗೆ, ಅಂದರೆ ಮೂರು ವಾರ, ನಾನು ನೋಡಿಕೊಳ್ಳಬೇಕು. ಗುರುತಿಗೆಂದು ಒಂದೊಂದರ ಕಾಲಿಗೂ ಸಡಿಲವಾಗಿ ರೇಷ್ಮೆ ಎಳೆ ಕಟ್ಟಿದ್ದೆ. ಅವಳವಕ್ಕೆ ಕೆಂಪು, ನನ್ನವಕ್ಕೆ ಹಸಿರು.

ನಾವು ನೆಂಟರಲ್ಲ. ಆದರೂ ಇಪ್ಪತ್ತು ವರ್ಷದಿಂದ ಅವಳ ಬಾಯಲ್ಲಿ ನಾನು 'ವದಿನಾ'. ಮನೆಯಲ್ಲಿ ತೆಲುಗಾಡುವ ನಮಗೆ ಅತ್ತಿಗೆಯೆಂದರೆ ಅದೇ. ಅವಳ ಮಗಳು ಮೇಘಾ ಆಡಿ ಬೆಳೆದದ್ದು ನನ್ನ ಮಗ್ಗದ ಪಕ್ಕದಲ್ಲೇ. ಮೂರು ವರ್ಷದ ಹಿಂದೆ ನನ್ನ ಗಂಡ ನಾಗರಾಜಪ್ಪ ತೀರಿಕೊಂಡ ಮೇಲೆ ಬೀದಿಯ ಹೆಂಗಸರು ಒಳ್ಳೆಯ ಕೆಲಸಕ್ಕೆ ಹೊರಟಾಗ ನಾನು ಎದುರಾಗದಂತೆ ಸುತ್ತಿ ಬಳಸಿ ಹೋಗತೊಡಗಿದರು. ಆಗ ಗೀತಮ್ಮ ನನ್ನ ಕೈ ಹಿಡಿದು, "ನಮ್ಮಿಬ್ರ ಮಧ್ಯೆ ಇವೆಲ್ಲ ಇಲ್ಲ ವದಿನಾ. ನಮ್ಮನೇಲಿ ಏನೇ ನಡೆದ್ರೂ ಮೊದಲನೇ ಎಲೆ ನಿಂದೇ" ಅಂದಿದ್ದಳು. ನಾನು ನಂಬಿದೆ. ನಂಬದೆ ಬದುಕುವುದು ಹೇಗೆ?

ಆ ವಾರ ಆಂಧ್ರದ ಕಡೆ ಸೈಕ್ಲೋನು ಎದ್ದು ಮೂರು ದಿನದಿಂದ ಸೂರ್ಯನ ಮುಖ ಕಂಡಿರಲಿಲ್ಲ. ಜಿಟಿಜಿಟಿ ಮಳೆ, ಮೈ ಕೊರೆಯುವ ಗಾಳಿ. ಮರಿಗಳಿಗೆ ಆಗ ಐದೇ ದಿನ. ತಗಡು ಸುತ್ತುಗಟ್ಟಿ, ನೆಲಕ್ಕೆ ಶೇಂಗಾ ಸಿಪ್ಪೆ ಹಾಸಿ, ಮೇಲೆ ನಾಲ್ಕು ಬಲ್ಬು ಇಳಿಬಿಟ್ಟಿದ್ದೆ. ಕರೆಂಟು ಹೋದರೆ ಬೇಕೆಂದು ಇಬ್ಬರೂ ಸೇರಿ ಒಂದು ಇನ್ವರ್ಟರ್ ಕೊಂಡು ನಮ್ಮ ಮನೆಯಲ್ಲೇ ಇಟ್ಟಿದ್ದೆವು. ಬೆಳಿಗ್ಗೆ ಎಂಟಕ್ಕೆ ಗೀತಮ್ಮ ಮಾರಣ್ಣನ ಆಟೊ ತಂದು ಅದನ್ನೇ ಕೇಳಿದಳು.

"ನಮ್ಮನೇದು ಕೆಟ್ಟೈತೆ ವದಿನಾ. ಮೇಘಾಗೆ ಏಳು ತಿಂಗಳು, ಕತ್ತಲಲ್ಲಿ ಎಡವಿದ್ರೆ ಏನು ಗತಿ? ಸಂಜೆಗೆ ತಂದ್ಕೊಡ್ತೀನಿ."

"ಕರೆಂಟು ಹೋದ್ರೆ ಮರಿಗಳ ಕತೆ?"

"ಇವತ್ತು ಹೋಗಲ್ಲ. ಲೈನ್‌ಮನ್ ಈರೇಶನ್ನ ಕೇಳ್ಕಂಡೇ ಬಂದೀನಿ."

ಕರೆಂಟು ಹೋಗದಿದ್ದರೆ ಅವಳಿಗೆ ಇನ್ವರ್ಟರ್ ಏಕೆ ಬೇಕು ಎಂದು ನನಗೆ ಹೊಳೆಯಲೇ ಇಲ್ಲ. ನಾನೇ ಬ್ಯಾಟರಿಗೆ ಒಂದು ಕೈ ಕೊಟ್ಟು ಆಟೊಗೆ ಹತ್ತಿಸಿದೆ. ಇಂಥ ಪೆದ್ದಿಯನ್ನು ಎಲ್ಲಾದರೂ ಕಂಡಿದ್ದೀರಾ?

ಹತ್ತು ಗಂಟೆಗೆ ಬಲ್ಬು ಆರಿದವು. ಕಾಲು ಗಂಟೆ ಕಾದು ಈರೇಶನಿಗೆ ಫೋನು ಮಾಡಿದೆ.

"ಕಂಬ ವಾಲೈತೆ ಅಕ್ಕ, ಐದು ಗಂಟೆ ತನಕ ಬರಲ್ಲ. ನಿನ್ನೇನೇ ಗೀತಕ್ಕಂಗೆ ಹೇಳಿದ್ನಲ್ಲ, ಮರಿ ಅದಾವೆ, ಚೌಡೇಶ್ವರಕ್ಕಂಗೂ ಹೇಳು ಅಂತ? ನಾಳೆ ಸೀಮಂತ ಐತೆ, ರಿಪೇರಿ ನಾಡಿದ್ದು ಮಾಡಪ್ಪಾ ಅಂತ ನನ್ನ ತಲೆ ತಿಂದ್ಲು."

"ಯಾರ ಸೀಮಂತ?"

"ಮೇಘಾಂದು. ನಿಮಗೆ ಹೇಳಿಲ್ವಾ ಅಕ್ಕ?" ಅಂದ.

ಮರಿಗಳು ಆಗಲೇ ಚೀಂವ್ ಚೀಂವ್ ಎನ್ನುತ್ತ ಮೂಲೆಗೆ ಒತ್ತಿಕೊಳ್ಳುತ್ತಿದ್ದವು. ಚಳಿಯಾದರೆ ಒಂದರ ಮೇಲೊಂದು ಹತ್ತಿ ಗುಡ್ಡೆಯಾಗುತ್ತವೆ, ಅಡಿಯಲ್ಲಿ ಸಿಕ್ಕಿದವು ಉಸಿರುಗಟ್ಟಿ ಸಾಯುತ್ತವೆ. ತಗಡಿನ ಮೇಲೆ ಚಳ್ಳಕೆರೆ ಕಂಬಳಿ ಹೊದಿಸಿ ಓಡಿದೆ.

ಹಿಂದಿನ ಬೀದಿಯ ಗೀತಮ್ಮನ ಮನೆ ಮುಂದೆ ಶಾಮಿಯಾನ. ಮೈಕಿನಲ್ಲಿ ಹಾಡು, ಬಣ್ಣಬಣ್ಣದ ಸೀರಿಯಲ್ ಲೈಟು. ನಮ್ಮ ಇನ್ವರ್ಟರ್ ಕಂಬದ ಬುಡದಲ್ಲಿ ಸ್ಟೂಲಿನ ಮೇಲೆ ಕೂತಿತ್ತು. ನಡುವೆ ಮೇಘಾ, ಕೈತುಂಬ ಬಳೆ, ಉಟ್ಟಿದ್ದು ಹಸಿರಂಚಿನ ಕೆಂಪು ಸೀರೆ. ಅದು ನಾನು ನೇಯ್ದದ್ದು. "ಚಳ್ಳಕೆರೆ ಬೀಗರಿಗೆ ತೋರ್ಸಬೇಕು, ಚೆನ್ನಾಗಿ ನೇಯಿ" ಅಂದಿದ್ದಳು ಗೀತಮ್ಮ. ಉಳಿದ ಎಳೆಯೇ ಮರಿಗಳ ಕಾಲಲ್ಲಿ ಇದ್ದದ್ದು. ನಾನು ನೇಯ್ದ ಸೀರೆ ಬೇಕು, ನಾನು ಕೊಟ್ಟ ಇನ್ವರ್ಟರ್ ಬೇಕು, ನಾನು ಬೇಡ.

ಗೀತಮ್ಮ ನನ್ನನ್ನು ಕಂಡವಳೇ ಓಡಿಬಂದು, ಜನರ ಕಡೆ ಬೆನ್ನು ಹಾಕಿ ಅಡ್ಡ ನಿಂತಳು.

"ಏನ್ ಚೌಡಮ್ಮನೋರೇ?" ಎಂದು ಗಟ್ಟಿಯಾಗಿ ಕೇಳಿದಳು. ಬೀಗರಿಗೆ ಕೇಳಲಿ ಎಂದು. ಇಪ್ಪತ್ತು ವರ್ಷದ ವದಿನಾ ಒಂದೇ ಗಳಿಗೆಯಲ್ಲಿ ಚೌಡಮ್ಮನೋರಾಗಿದ್ದೆ.

"ಇನ್ವರ್ಟರ್ ಕೊಡು ಗೀತಾ, ಮರಿ ಸಾಯ್ತಾವೆ."

ದನಿ ತಗ್ಗಿಸಿದಳು. "ಇನ್ನೂ ಆರತಿ ಆಗಿಲ್ಲ, ಈಗ ತೆಗೆದ್ರೆ ಮೈಕು ನಿಲ್ತೈತೆ. ನಿನ್ನ ಕೈಮುಗೀತೀನಿ, ಮನೆಗೆ ಹೋಗು. ನಂಗೇನಿಲ್ಲ, ಬೀಗರ ಕಡೆಯೋರು ಕಾಲ್ಗುಣ ಅದೂ ಇದೂ ಅಂತಾರೆ. ಚೊಚ್ಚಲ ಬಸುರಿ."

ವೈರು ಕಿತ್ತು ಎಸೆಯುವ ಸಿಟ್ಟು ಬಂದಿತ್ತು. ಮೂರೇ ಹೆಜ್ಜೆ ದೂರ. ಆದರೆ ಮೇಘಾ ಹೊಟ್ಟೆಯ ಮೇಲೆ ಕೈಯಿಟ್ಟು ನಗುತ್ತಿದ್ದಳು. ಆ ಹೊಟ್ಟೆಯ ಕೂಸು ನನಗೇನು ಮಾಡಿತ್ತು? ತಿರುಗಿ ನಡೆದೆ.

ಮನೆಗೆ ಬರುವಷ್ಟರಲ್ಲಿ ಮರಿಗಳು ಗುಡ್ಡೆ ಬಿದ್ದಿದ್ದವು. ಬಿಡಿಸಿ ನೋಡಿದರೆ ಅಡಿಯಲ್ಲಿ ಒಂಬತ್ತು ತಣ್ಣಗಾಗಿದ್ದವು. ಸೌದೆಯೆಲ್ಲ ನೆಂದಿತ್ತು. ಹಾಸಲಿಕ್ಕೆಂದು ಇಟ್ಟಿದ್ದ ಶೇಂಗಾ ಸಿಪ್ಪೆಯ ಮೂಟೆಯನ್ನೇ ಹಿತ್ತಿಲ ಒಲೆಗೆ ಸುರಿದು, ಸೌದೆ ಹತ್ತಿಸಿ, ಎರಡು ಮಡಕೆಗೆ ಕೆಂಡ ತುಂಬಿ ಮೇಲೆ ಬೂದಿ ಮುಚ್ಚಿದೆ. ಇಡುವುದೆಲ್ಲಿ? ಅಷ್ಟು ದೊಡ್ಡ ಕೋಣೆ ಎರಡು ಮಡಕೆಗೆ ಬಿಸಿಯಾಗುತ್ತದೆಯೇ? ಆಗ ನೆನಪಾದದ್ದು ಮಗ್ಗದ ಗುಂಡಿ. ನೇಯುವಾಗ ಕಾಲು ಇಳಿಬಿಡುವ ಸೊಂಟದಾಳದ ಗುಂಡಿ, ಅಲ್ಲಿಗೆ ಗಾಳಿ ತಾಕುವುದಿಲ್ಲ. ಮಗ್ಗದ ಮೇಲೆ ಅರ್ಧ ನೇಯ್ದ ಸೀರೆಯಿತ್ತು. ಕಿಡಿ ಹಾರಿದರೆ, ಹೊಗೆ ಹಿಡಿದರೆ ಎರಡು ವಾರದ ಕೆಲಸ ಮಣ್ಣುಪಾಲು. ಸೀರೆಗೆ ಹಳೆಯ ದುಪ್ಪಟಿ ಹೊದಿಸಿ, ಕಿಟಕಿ ಚೂರು ತೆರೆದು, ಮಡಕೆ ಇಳಿಸಿ, ಮರಿಗಳನ್ನು ಬೊಗಸೆ ಬೊಗಸೆಯಾಗಿ ಒಳಗೆ ಬಿಟ್ಟೆ. ಕೆಂಪೋ ಹಸಿರೋ ನೋಡಲಿಲ್ಲ.

ಅಲ್ಲೂ ಗುಡ್ಡೆ ಬೀಳಬಾರದಲ್ಲ. ಅದಕ್ಕೆ ನಾನೇ ಅಂಚಿನಲ್ಲಿ ಕೂತು ಕಾಲು ಇಳಿಬಿಟ್ಟೆ, ಗುಂಪುಗೂಡಿದಾಗಲೆಲ್ಲ ಪಾದದಿಂದ ಮೆಲ್ಲಗೆ ಬಿಡಿಸುತ್ತಿದ್ದೆ. ಕೆಂಡ ಆರಿದಾಗ ಎದ್ದು ಹೊಸ ಕೆಂಡ ತಂದೆ. ಮಧ್ಯಾಹ್ನ ಗಾಳಿಗೆ ಮೈಕಿನ ಹಾಡು, ಆಮೇಲೆ ಒಗ್ಗರಣೆಯ ವಾಸನೆ ಬಂತು. ಹೊಟ್ಟೆ ಹಸಿದಿತ್ತು. ಕೂತಲ್ಲೇ ಅತ್ತುಬಿಟ್ಟೆ. ನನ್ನ ಗಂಡ ಸತ್ತಾಗಲೂ ಹಾಗೆ ಅತ್ತಿರಲಿಲ್ಲ, ಆಗ ಪಕ್ಕದಲ್ಲಿ ಗೀತಮ್ಮ ಇದ್ದಳು.

ಐದೂವರೆಗೆ ಕರೆಂಟು ಬಂತು. ಹಿಂದೆಯೇ ಮಾರಣ್ಣನ ಆಟೊ ಬಂತು. ಅವನು ಇನ್ವರ್ಟರ್ ಇಳಿಸಿ ಹೋದ. ಗೀತಮ್ಮ ಬಾಗಿಲಿಗೆ ಬಂದಳು, ಕೈಯಲ್ಲಿ ಮುಚ್ಚಿದ ತಟ್ಟೆ. ನಾನು ಹೊಸಲಿನ ಒಳಗೆ ನಿಂತಿದ್ದೆ. ಸುಳ್ಳೇಕೆ ಹೇಳಲಿ, ತಪ್ಪಾಯ್ತು ಅಂದುಬಿಟ್ಟರೆ ಸಾಕು ಎಂದು ಕಾಯುತ್ತಿದ್ದೆ. ಅಷ್ಟೇ ಅಂದಿದ್ದರೂ ಕರಗಿಹೋಗುತ್ತಿದ್ದೆ. ಜಗಲಿಯ ಮೊರದಲ್ಲಿ ಸತ್ತ ಮರಿಗಳಿದ್ದವು. ಅವಳು ಬಗ್ಗಿ ನೋಡಿದಳು.

"ಅಯ್ಯಯ್ಯೋ! ಕೆಂಪು ಎಷ್ಟು ಹೋದ್ವು?"

"ಐದು."

"ಹಸಿರು?"

"ನಾಲ್ಕು."

"ನಮ್ಮವೇ ಒಂದು ಜಾಸ್ತಿ ನೋಡು" ಎನ್ನುತ್ತ ತಟ್ಟೆ ಚಾಚಿದಳು. ಹೋಳಿಗೆ, ಕೋಸಂಬರಿ, ಬಾಳೆಹಣ್ಣು. ಬಂದ ಹೆಂಗಸರಿಗೆಲ್ಲ ಕೊಟ್ಟ ಬಳೆ, ಅರಿಶಿನ, ಕುಂಕುಮ ಅದರಲ್ಲಿ ಇರಲಿಲ್ಲ.

"ಉಳಿದಿದ್ದು ತಗೊಂಡು ಹೋಗ್ತೀಯಾ?" ಅಂದೆ.

"ಹಂಗನ್ಬೇಡ ವದಿನಾ. ನಮ್ಮನೇಲಿ ಒಂದೂ ಉಳಿಯಲ್ಲ. ನಿನ್ನ ಕೈಗುಣ ಒಳ್ಳೇದು, ಇಲ್ಲೇ ಇರ್ಲಿ. ಎಲ್ಲಿ, ನೋಡನ" ಎಂದು ಹೊಸಲು ದಾಟಲು ಕಾಲೆತ್ತಿದಳು.

"ಅಲ್ಲೇ ನಿಲ್ಲು."

ನಿಂತಳು.

"ಮರಿ ಇಲ್ಲೇ ಇರ್ತಾವೆ. ಮೂರು ವಾರ ಆದ್ಮೇಲೆ ಮಾರಣ್ಣನ ಕೈಲಿ ಕಳಿಸ್ತೀನಿ, ಒಂದೂ ಕಮ್ಮಿ ಆಗಲ್ಲ. ನೀನು ಮಾತ್ರ ಒಳಗೆ ಬರಬೇಡ ಗೀತಾ. ಎಳೇ ಮರಿ. ನಿನ್ನ ಕಾಲ್ಗುಣ ಆಗಿಬರಲ್ಲ."

ಎತ್ತಿದ ಕಾಲನ್ನು ಅವಳು ಹಿಂದಕ್ಕೆ ಇಟ್ಟಳು. ತಟ್ಟೆಯನ್ನು ಜಗಲಿಯ ಮೇಲಿಟ್ಟು ಮಳೆಯಲ್ಲೇ ಹೋದಳು.

ಬಾಗಿಲು ಹಾಕಿ ಬಂದು ಗುಂಡಿಯ ಅಂಚಿನಲ್ಲಿ ಮತ್ತೆ ಕೂತೆ. ಮರಿಗಳನ್ನು ಬಲ್ಬಿನ ಕೆಳಗೆ ಬಿಡಬೇಕಿತ್ತು, ಏಳಲು ಮನಸ್ಸಾಗಲಿಲ್ಲ. ಕಾಲು ಇಳಿಬಿಟ್ಟೆ. ಕೆಂಪು ದಾರದ್ದೊಂದು ಮೊದಲು ಬಂದು ನನ್ನ ಪಾದದ ಮೇಲೆ ಕೂತಿತು.