ಅಪ್ಪನ ಗಾಡಿಯಲ್ಲಿ ಹತ್ತಿದ ದೀಪ

ನಮ್ಮೂರಿನಲ್ಲಿ ಐಟಿಐಗೆ ಹೋಗಿ ಗಾಡಿ ರಿಪೇರಿ ಕಲಿತು ಸರ್ಟಿಫಿಕೇಟ್ ತಂದವಳು ನಾನೊಬ್ಬಳೇ. ಹಾಗಾಗಿ ಗಾಡಿಯ ವಿಷಯ ಬಂದರೆ ನನ್ನೊಬ್ಬಳನ್ನು ಬಿಟ್ಟು ಊರಿನ ಎಲ್ಲರನ್ನೂ ಕೇಳುತ್ತಾರೆ.

ಅಪ್ಪ ಅಂಜಪ್ಪ ಈ ಸಲ ತೊಗರಿ ಮಾರಿದ ಮೇಲೆ ಜಹೀರಾಬಾದಿಗೆ ಹೋಗಿ ಒಂದು ಹಳೆಯ ಬಿಳಿ ಕಾರು ತಂದ. ಮನೂರಿನ ಪಕ್ಕದ ನಮ್ಮ ಹಳ್ಳಿಗೆ ಅದು ಬಂದು ನಿಂತಾಗ ಸ್ಟೇರಿಂಗ್ ಹಿಂದೆ ಎರಡು ದೀಪ ಹತ್ತಿಕೊಂಡೇ ಇದ್ದವು. ಎಂಜಿನ್ ಶುರುವಾದ ಮೇಲೂ ಆರಲಿಲ್ಲ. ಅರ್ಥ ಹೇಳಲು ಹಣಮಯ್ಯ ಕಾಕಾನನ್ನು ಕರೆಸಿದರು. ಕಾಕಾ ಮೂವತ್ತು ವರ್ಷದ ಹಿಂದೆ ಲಾರಿ ಕ್ಲೀನರ್ ಆಗಿ ಸೊಲ್ಲಾಪುರದ ತನಕ ಹೋಗಿ ಬಂದವನು. ಅಷ್ಟು ವಿದ್ಯೆ ನಮ್ಮೂರಿಗೆ ಇವತ್ತಿಗೂ ಸಾಕಾಗಿದೆ.

ಎಂಜಿನ್ ಚೆಕ್ ಮಾಡಿಸು ಎನ್ನುವ ಹಳದಿ ದೀಪವನ್ನು ನೋಡಿ ಕಾಕಾ ಅದು ಬೋರಿನ ಮೋಟರ್, ಗಾಡಿ ನೀರು ಕೇಳುತ್ತಿದೆ ಎಂದ. ಅಪ್ಪ ರೇಡಿಯೇಟರಿಗೆ ಎರಡು ಬಾಟಲಿ ನೀರು ಹೊಯ್ದ. ಕೆಂಪು ದೀಪದಲ್ಲಿ ಎದೆಯ ಮೇಲೆ ಅಡ್ಡಪಟ್ಟಿ ಇದ್ದ ಮನುಷ್ಯನಿದ್ದ. ಅದು ಸೀಟ್ ಬೆಲ್ಟ್ ಹಾಕಿಕೊ ಎನ್ನುವ ಗುರುತು. ಕಾಕಾನ ಪ್ರಕಾರ ಶಾಲು ಹೊದಿಸಿಕೊಂಡ ಮಾಲೀಕ. ಅಪ್ಪನಿಗೆ ಆ ದೀಪ ಬಹಳ ಹಿಡಿಸಿತು. ಅಂಗಳದಲ್ಲಿ ಗಾಡಿಯ ಕೆಳಗೆ ಕಪ್ಪು ಎಣ್ಣೆಯ ಕಲೆ ಬಿದ್ದದ್ದನ್ನು ನಾನು ತೋರಿಸಿದೆ. ಹೊಸ ಜಾಗ, ಬೆವರುತ್ತಿದೆ ಎಂದ ಕಾಕಾ.

ಅಷ್ಟರಲ್ಲಿ ತಾಂಡೂರಿನಿಂದ ನನಗೆ ಫೋನ್ ಬಂತು. ಕಾರು, ಟ್ರ್ಯಾಕ್ಟರ್ ಎರಡನ್ನೂ ರಿಪೇರಿ ಮಾಡುವ ದೊಡ್ಡ ವರ್ಕ್‌ಶಾಪ್, ಅನಿಲಕುಮಾರ ಎಂಬುವರದು. ನಾಳೆ ಹನ್ನೊಂದಕ್ಕೆ ಇಂಟರ್‌ವ್ಯೂಗೆ ಬಾ ಎಂದರು. ಒಂದು ವರ್ಷದಲ್ಲಿ ಒಂಬತ್ತು ಗ್ಯಾರೇಜಿನವರು ಹೆಣ್ಣುಮಗಳೆಂದು ಬಾಗಿಲಿನಿಂದಲೇ ವಾಪಸ್ ಕಳಿಸಿದ್ದರು. ಒಳಗೆ ಕರೆದವರು ಇವರೊಬ್ಬರೇ. ಬಸ್ಸಿಗೆ ಹೋಗುತ್ತೇನೆ ಎಂದು ಅಂಗಲಾಚಿದೆ. ಮನೆ ಮುಂದೆ ಕಾರು ಇಟ್ಟುಕೊಂಡು ಮಗಳು ಬಸ್ಸಿಗೆ ನಿಂತರೆ ಜನ ಏನಂದಾರು ಎಂದ ಅಪ್ಪ. ಮರುದಿನ ಬೆಳಗ್ಗೆ ಪಕ್ಕದ ಸೀಟಿನಲ್ಲಿ ತಜ್ಞನಾಗಿ ಹಣಮಯ್ಯ ಕಾಕಾ ಕೂತ. ಹಿಂದೆ ನಾನು, ಮತ್ತು ಕಾರು ಹತ್ತಿಯೇ ಸಾಯಬೇಕೆಂದಿದ್ದ ಅಜ್ಜಿ ಬಂಡಮ್ಮ.

ಜಹೀರಾಬಾದ್ ದಾಟಿದ ಮೇಲೆ ಮೂರನೆಯ ದೀಪ ಮಿಣುಕಿತು. ಕೆಂಪಗೆ, ಗಿಂಡಿಯ ಆಕಾರ, ಮೂತಿಯಲ್ಲೊಂದು ಹನಿ.

"ಅಪ್ಪಾ, ಎಂಜಿನ್ನಿಗೆ ಎಣ್ಣಿ ಇಲ್ಲ. ಈಗಿಂದೀಗ ಬಂದ್ ಮಾಡು. ಒಂದು ಡಬ್ಬಿ ಆಯಿಲ್ ಹಾಕ್ಕೊಂಡು ಹೋಗೋಣು," ಎಂದೆ.

ಅಜ್ಜಿ ಮುಂದೆ ಬಾಗಿ ನೋಡಿ ಎರಡೂ ಕೈ ಮುಗಿದಳು. "ಛಲೋ ಕೆಲಸಕ್ಕ ಹೊಂಟಾಗ ದೀಪ ತಾನೇ ಹತ್ಯದ. ಹತ್ತಿದ ದೀಪ ಆರಸಬಾರ್ದು, ಅಂಜಪ್ಪ."

ಗಾಡಿ ಚೆನ್ನಾಗಿ ಓಡಿದಾಗಲೇ ಈ ದೀಪ ಹತ್ತುವುದು ಎಂದು ಕಾಕಾ ಅದಕ್ಕೆ ವಿಜ್ಞಾನ ಸೇರಿಸಿದ. ಪೆಟ್ರೋಲ್ ಬಂಕ್ ಎಡಗಡೆಗೆ ಬಂದು ಹಿಂದೆ ಹೋಯಿತು.

ಕೊಹೀರ್ ಬಿಟ್ಟ ಮೇಲೆ ಮತ್ತೆ ಹೇಳಿದೆ. ಅಪ್ಪ ಕನ್ನಡಿಯಲ್ಲಿ ನನ್ನನ್ನು ನೋಡಿದ. "ಇಂಟರ್‌ವ್ಯೂ ತಾಂಡೂರದಾಗ ಅದ, ಇಲ್ಲಿಲ್ಲ. ನಿನ್ನ ಶಾಣ್ಯಾತನ ಅಲ್ಲಿ ತೋರ್ಸು."

ನಾನು ಬಾಯಿ ಮುಚ್ಚಿಕೊಂಡೆ. ಜಗಳವಾದರೆ ಅಪ್ಪ ಗಾಡಿ ಹಿಂದಕ್ಕೆ ತಿರುಗಿಸಿಬಿಡುತ್ತಾನೆಂಬ ಭಯ. ಆ ಭಯಕ್ಕೆ ನನ್ನ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ.

ತಾಂಡೂರು ಹದಿನೈದು ಕಿಲೋಮೀಟರ್ ಇರುವಾಗ ದೀಪ ಮಿಣುಕುವುದು ಬಿಟ್ಟು ಗಟ್ಟಿಯಾಗಿ ನಿಂತಿತು. ಸ್ವಲ್ಪ ಹೊತ್ತಿಗೆ ಎಂಜಿನ್ನಿನೊಳಗೆ ಯಾರೋ ಸುತ್ತಿಗೆಯಲ್ಲಿ ಬಡಿದ ಹಾಗೆ ಸದ್ದು ಶುರುವಾಯಿತು. ಕಾಕಾ ಟೈರಿಗೆ ಕಲ್ಲು ಸಿಕ್ಕಿದೆ ಎಂದ. ಆಮೇಲೆ ಒಂದೇ ಸಲ ಕಟಕ್ಕೆಂದು ಗಾಡಿ ನಿಂತಿತು. ಎಂಜಿನ್ ಜಾಮ್ ಆಗಿತ್ತು. ದೀಪ ಮಾತ್ರ ಉರಿಯುತ್ತಿತ್ತು. ಅದು ಉರಿಯುವ ತನಕ ಏನೂ ಆಗುವುದಿಲ್ಲವೆಂದು ಅಜ್ಜಿ ಸಮಾಧಾನ ಹೇಳಿದಳು.

ಹನ್ನೊಂದಕ್ಕೆ ಹತ್ತು ನಿಮಿಷ. ವರ್ಕ್‌ಶಾಪಿಗೆ ಫೋನ್ ಮಾಡಿ ಆದದ್ದನ್ನು ಹೇಳಿದೆ. ಅನಿಲಕುಮಾರ ಗಾಡಿ ಎಳೆಯುವ ಜೀಪಿನಲ್ಲಿ ತಾವೇ ಬಂದರು. ಬಾನೆಟ್ ಎತ್ತಿ, ಎಣ್ಣೆ ಅಳೆಯುವ ಕಡ್ಡಿ ಹೊರಗೆಳೆದು ಬಟ್ಟೆಗೆ ಒರೆಸಿದರು. ಬಟ್ಟೆಗೆ ಕಲೆಯೂ ಆಗಲಿಲ್ಲ. ಈ ದೀಪ ಏನೆಂದು ನಿಮಗೆ ಯಾರೂ ಹೇಳಲಿಲ್ಲವೇ ಎಂದು ಅಪ್ಪನನ್ನು ಕೇಳಿದರು.

ಅಪ್ಪ ಕಾಕಾನ ಕಡೆ ನೋಡಿದ. ಕಾಕಾ ರಸ್ತೆಯ ಕಡೆ ನೋಡಿದ.

"ಯಾರೂ ಹೇಳಿಲ್ರಿ," ಎಂದ ಅಪ್ಪ.

ಅನಿಲಕುಮಾರ ನನ್ನ ಕೈಯಲ್ಲಿದ್ದ ಸರ್ಟಿಫಿಕೇಟಿನ ಫೈಲು ನೋಡಿದರು, ನನ್ನ ಮುಖ ನೋಡಿದರು. ಒಂದು ವರ್ಷ ಕಾದ ಕೆಲಸ ಆ ಒಂದು ಮಾತಿಗೆ ಹೋಗುವುದು ನನಗೆ ಕಾಣುತ್ತಿತ್ತು.

"ಎರಡು ಸಲ ಹೇಳೀನಿ ಸರ್," ಎಂದೆ. "ಜಹೀರಾಬಾದ್ ದಾಟಿದ ಮ್ಯಾಲೊಮ್ಮೆ, ಕೊಹೀರ್ ದಾಟಿದ ಮ್ಯಾಲೊಮ್ಮೆ."

"ಕೇಳ್ಲಿಲ್ಲ ಅಂದ್ರ ಕೀಲಿ ಕಸಗೋಬೇಕಿತ್ತಮ್ಮಾ. ನನ್ನ ಗಿರಾಕಿಗಳೆಲ್ಲ ನಿಮ್ಮಪ್ಪನಂಥವರೇ."

"ಕೀಲಿ ಅಪ್ಪನ ಕೈಯಾಗಿತ್ತು ಸರ್. ನಿಮ್ಮಲ್ಲಿ ಗಾಡಿ ಬಂದ್ರ ಮೊದಲು ಕೀಲಿ ನನ್ನ ಕೈಗೆ ಬರ್ತದ."

ಅವರು ನಗಲಿಲ್ಲ. ರಿಪೇರಿಗೆ ಬಂದ ಗಾಡಿಯ ವಿವರ ಬರೆಯುವ ಜಾಬ್ ಕಾರ್ಡಿನ ಪುಸ್ತಕವನ್ನು ಜೀಪಿನಿಂದ ತಂದು ನನ್ನ ಕೈಗಿಟ್ಟು, ಬರಿ ಎಂದರು. ಅಪ್ಪ ಕೀಲಿಯನ್ನು ಅವರ ಕಡೆ ಚಾಚಿದ. ಅವರು ತೆಗೆದುಕೊಳ್ಳದೆ ನನ್ನ ಕಡೆ ಕೈ ತೋರಿಸಿದರು. ಅಪ್ಪ ಅದನ್ನು ನನ್ನ ಕೈಗೆ ಕೊಡದೆ ಬಂಪರಿನ ಮೇಲಿಟ್ಟ. ನಾನು ಎತ್ತಿಕೊಂಡೆ.

"ಮಾಲೀಕರ ಹೆಸರೇನ್ರಿ?" ಎಂದು ಕೇಳಿದೆ.

ಅಪ್ಪ ಹೆಗಲ ಮೇಲಿನ ಟವೆಲು ಸರಿಮಾಡಿಕೊಂಡು, "ಅಂಜಪ್ಪ," ಎಂದ.

ಕಾರ್ಡು ತೆಲುಗಿನದು, ತೆಲುಗಿನಲ್ಲೇ ಬರೆದೆ: ಎಣ್ಣೆ ಇಲ್ಲದೆ ಎಂಜಿನ್ ಜಾಮ್ ಆಗಿದೆ. ಅದರ ಕೆಳಗೆ ಇನ್ನೊಂದು ಸಾಲು ಬರೆದು ಅಜ್ಜಿಗೂ ಕಾಕಾನಿಗೂ ಕೇಳುವಂತೆ ಕನ್ನಡದಲ್ಲಿ ಓದಿದೆ: "ಮಾಲೀಕರಿಗೆ ದಾರಿಯಲ್ಲಿ ಎರಡು ಸಲ ತಿಳಿಸಲಾಗಿತ್ತು."

ಆಮೇಲೆ ಪೆನ್ನು ಅಪ್ಪನ ಕೈಗೆ ಕೊಟ್ಟು, ಎಲ್ಲಿ ಸಹಿ ಮಾಡಬೇಕೆಂದು ಬೆರಳಿಟ್ಟು ತೋರಿಸಿದೆ.