ಹಾಲಿನಂಥ ಪುಟ

ಆಫೀಸಿನಲ್ಲಿ ಅವರನ್ನು ಎಲ್ಲರೂ ಕರೆಯುತ್ತಿದ್ದದ್ದು ರಬ್ಬರ್ ಎಂದು. ಆ ಹೆಸರು ಇಟ್ಟವರು ಯಾರೋ ಗೊತ್ತಿಲ್ಲ, ಸುಳ್ಳಂತೂ ಹೇಳಿರಲಿಲ್ಲ. ವಿಶ್ವವಿದ್ಯಾಲಯದ ಗ್ರಂಥಾಲಯದ ನೆಲಮಾಳಿಗೆಯಲ್ಲಿ ಇಪ್ಪತ್ತೆರಡು ವರ್ಷ ಕೂತು ಅವರು ಮಾಡಿದ್ದು ಒಂದೇ ಕೆಲಸ. ಅಚ್ಚುಯಂತ್ರ ಹೊಸದಾಗಿ ಬಂದ ಕಾಲದ ಪುಸ್ತಕಗಳನ್ನು ಪಕ್ಕದ ಕೋಣೆಯವರು ಸ್ಕ್ಯಾನ್ ಮಾಡಿ ಕಳಿಸಬೇಕು, ಇವರು ಪುಟಪುಟವನ್ನೂ ಪರದೆಯ ಮೇಲೆ ದೊಡ್ಡದು ಮಾಡಿ ಎಣ್ಣೆ ಕಲೆ, ಹುಳುವಿನ ತೂತು, ಬೆರಳಿನ ಗುರುತು ಎಲ್ಲವನ್ನೂ ಒರೆಸಿ ಬಿಳಿ ಮಾಡಬೇಕು. "ಪುಟ ಹಾಲಿನ ಥರ ಇರ್ಬೇಕು ಕಣ್ರೀ, ಅಚ್ಚಿನ ಅಕ್ಷರ ಬಿಟ್ರೆ ಇನ್ನೇನೂ ಕಾಣಬಾರ್ದು" ಎಂದು ನಿರ್ದೇಶಕರು ಮೊದಲ ದಿನವೇ ಹೇಳಿದ್ದರು. ಇವರು ಆ ಮಾತನ್ನು ಚಾಚೂ ತಪ್ಪದೆ ಪಾಲಿಸಿದರು. ನಿವೃತ್ತಿಯ ದಿನ ಕೊಟ್ಟ ಹಿತ್ತಾಳೆ ಫಲಕದ ಮೇಲೆ ಹಾಗೇ ಕೆತ್ತಿಸಿದ್ದರು: ನಾಲ್ಕು ಲಕ್ಷ ಪುಟ, ಒಂದೂ ಕಲೆಯಿಲ್ಲ.

ಆ ಫಲಕ ಈಗ ಮನೆಯ ಮುಂದಿನ ಕೋಣೆಯಲ್ಲಿದೆ. ಅದನ್ನೂ ಅವರು ದಿನಾ ಬೆಳಿಗ್ಗೆ ಒರೆಸುತ್ತಾರೆ. "ನೋಡಿ ಅಪ್ಪ, ಅಕ್ಷರಾನೂ ಅಳಿಸಿಬಿಟ್ಟೀರಿ" ಎಂದು ಮಗ ಛೇಡಿಸುತ್ತಾನೆ. ಸೊಸೆ ಮಾತ್ರ ನಗುವುದಿಲ್ಲ. ಆಕೆ ಅದೇ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುವವಳು. ಮಾವ ಒರೆಸಿದ ಪುಟಗಳನ್ನೇ ಗೋಡೆಯ ಮೇಲೆ ದೊಡ್ಡದಾಗಿ ತೋರಿಸಿ, ಹಳೆಯ ಪುಸ್ತಕ ಹೇಗೆ ಅಚ್ಚಾಗುತ್ತಿತ್ತು, ಯಾರು ಓದುತ್ತಿದ್ದರು ಎಂದು ಮಕ್ಕಳಿಗೆ ಕಲಿಸುತ್ತಾಳೆ. "ನಿಮ್ಮ ಕೆಲಸ ಇಲ್ದಿದ್ರೆ ನನ್ನ ಕ್ಲಾಸೇ ಇಲ್ಲ ಮಾವ" ಎಂದು ಒಮ್ಮೆ ಅಂದಿದ್ದಳು. ಆ ಒಂದು ಮಾತಿನ ಮೇಲೆ ಮುದುಕರು ಮೂರು ವರ್ಷ ಬದುಕಿದ್ದಾರೆ ಎಂದರೂ ತಪ್ಪಿಲ್ಲ.

ಒಂದು ಸಂಜೆ ಆಕೆ ಊಟದ ಮೇಜಿನ ಮುಂದೆ ನಿಂತು, ಮರುದಿನದ ವಿಚಾರ ಸಂಕಿರಣಕ್ಕೆ ಬರೆದ ಪ್ರಬಂಧವನ್ನು ಗಟ್ಟಿಯಾಗಿ ಓದಿ ಅಭ್ಯಾಸ ಮಾಡುತ್ತಿದ್ದಳು. ಆಕೆಯ ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಅದನ್ನು ತೀರ್ಮಾನಿಸುವವರೆಲ್ಲ ನಾಳೆ ಮುಂದಿನ ಸಾಲಿನಲ್ಲಿ ಕೂರುವವರು. ಮಾವ ಬಟಾಣಿ ಬಿಡಿಸುತ್ತ ಹೆಮ್ಮೆಯಿಂದ ಕೇಳುತ್ತಿದ್ದರು.

ಪ್ರಬಂಧ ಒಂದು ಹಳೆಯ ವೈದ್ಯ ಪುಸ್ತಕದ ಬಗ್ಗೆ. ಮಕ್ಕಳ ಕಾಯಿಲೆಗೆ ಮನೆಯಲ್ಲೇ ಕೊಡುವ ಔಷಧಿಗಳನ್ನು ತಾಯಂದಿರಿಗೆಂದೇ ಅಚ್ಚು ಹಾಕಿಸಿದ ಪುಸ್ತಕ. ಉಳಿದಿರುವುದು ಒಂದೇ ಪ್ರತಿ, ಅದೂ ಸ್ಕ್ಯಾನಿನಲ್ಲಿ. "ಅಂಚುಗಳಲ್ಲಿ ಒಂದು ಗೆರೆಯಿಲ್ಲ, ಒಂದು ಬೆರಳಿನ ಗುರುತಿಲ್ಲ" ಎಂದು ಆಕೆ ಓದಿದಳು. "ತಾಯಂದಿರಿಗಾಗಿ ಅಚ್ಚಾದ ಈ ಪುಸ್ತಕವನ್ನು ಯಾವ ತಾಯಿಯೂ ತೆರೆದು ನೋಡಲಿಲ್ಲ."

ಮಾವನ ಕೈಯಲ್ಲಿದ್ದ ಬಟಾಣಿ ಅಲ್ಲೇ ನಿಂತಿತು.

"ಅದು ಹಾಗಲ್ಲಮ್ಮ" ಎಂದರು ಮೆಲ್ಲಗೆ. "ಆ ಪುಸ್ತಕ ನನಗೆ ನೆನಪಿದೆ. ತುಂಬಾ ಕೊಳೆ ಇತ್ತು. ಜ್ವರದ ಪುಟದಲ್ಲಿ ಯಾರೋ ಹೆಂಗಸು ಶಾಯೀಲಿ ಬರೆದಿದ್ಲು."

"ಏನು ಬರೆದಿದ್ಲು?"

"'ದೊಡ್ಡವನಿಗೆ ಕೊಟ್ಟೆ. ಇಳಿಯಲಿಲ್ಲ.' ಅದರ ಕೆಳಗೆ ಬೇರೆ ಶಾಯೀಲಿ, 'ಚಿಕ್ಕವಳಿಗೂ.' ಅಷ್ಟೇ."

ಆಕೆ ಕುರ್ಚಿ ಎಳೆದುಕೊಂಡು ಕೂತಳು.

"ಅದನ್ನ ನೀವು ಅಳಿಸಿದ್ರಾ ಮಾವ?"

"ಅಚ್ಚಿನ ಅಕ್ಷರ ಬಿಟ್ಟು ಇನ್ನೇನೂ ಕಾಣಬಾರ್ದು ಅಂದಿದ್ರಲ್ಲ. ಅರ್ಧ ನಿಮಿಷದ ಕೆಲಸ. ಆಮೇಲೆ ಎದ್ದು ಹೋಗಿ ಮುಖ ತೊಳ್ಕೊಂಡು ಬಂದೆ."

ಮೂಲ ಪುಸ್ತಕ ಎಲ್ಲಿ ಎಂದು ಕೇಳಿದಳು. ಸ್ಕ್ಯಾನ್ ಮಾಡಲು ಬೆನ್ನು ಕತ್ತರಿಸಿದ ಪುಸ್ತಕಗಳನ್ನೆಲ್ಲ ಜಾಗವಿಲ್ಲವೆಂದು ರದ್ದಿಗೆ ಹಾಕಿದ್ದರು. ಒರೆಸುವ ಮೊದಲಿನ ಚಿತ್ರಗಳನ್ನೂ ಕಂಪ್ಯೂಟರಿನಲ್ಲಿ ಉಳಿಸಿರಲಿಲ್ಲ. ಇಬ್ಬರೂ ಪರದೆಯ ಮುಂದೆ ಕೂತು ಜ್ವರದ ಪುಟ ತೆರೆದು, ಅಂಚನ್ನು ಹಿಗ್ಗಿಸಿ ಹಿಗ್ಗಿಸಿ ನೋಡಿದರು. ಒಂದು ಚುಕ್ಕೆ ಶಾಯಿ, ಅರ್ಧ ಕೊಂಬು, ಏನಾದರೂ ಕಣ್ತಪ್ಪಿ ಉಳಿದಿರಲಿ ಎಂದು ಮುದುಕರು ಮನಸ್ಸಿನಲ್ಲೇ ಬೇಡಿಕೊಂಡರು. ಏನೂ ಇರಲಿಲ್ಲ. ಅಷ್ಟು ಅಚ್ಚುಕಟ್ಟಾಗಿ ಕೆಲಸ ಮಾಡಿದ್ದಕ್ಕೆ ಜೀವಮಾನದಲ್ಲಿ ಮೊದಲ ಸಲ ಅವರಿಗೆ ನಾಚಿಕೆಯಾಯಿತು.

"ಈಗೇನ್ ಮಾಡ್ತೀಯಮ್ಮ?"

"ಸುಳ್ಳು ಅಂತ ಗೊತ್ತಾದ್ಮೇಲೆ ಹೇಗೆ ಓದ್ಲಿ? ಬದಲಾಯಿಸ್ತೀನಿ. ಆದ್ರೆ ಬರೀ ನನ್ನ ಮಾತನ್ನ ಯಾರೂ ನಂಬಲ್ಲ ಮಾವ. ಆ ಅಕ್ಷರ ನೋಡಿದವರು ಈ ಪ್ರಪಂಚದಲ್ಲಿ ನೀವೊಬ್ರೇ. ನಾಳೆ ನೀವು ಬಂದು ಒಂದು ಮಾತು ಹೇಳ್ಬೇಕು."

"ಬರ್ತೀನಿ, ಅದಕ್ಕೇನಂತೆ" ಎಂದರು. ಆಗ ಅವರು ಅದನ್ನು ಮನಸಾರೆ ಹೇಳಿದ್ದರು. ಅದರಲ್ಲಿ ಅನುಮಾನ ಬೇಡ.

ಬೆಳಿಗ್ಗೆ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹೋದರು. ಸಭಾಂಗಣದ ಬಾಗಿಲಲ್ಲೇ ಹಳೆಯ ನಿರ್ದೇಶಕರು ಸಿಕ್ಕಿ, ಹೆಗಲ ಮೇಲೆ ಕೈಹಾಕಿ, ಸುತ್ತಲಿನವರಿಗೆ, "ಇವರೇ ನೋಡಿ ನಮ್ಮ ರಬ್ಬರ್. ಇವರಂಥ ಕೆಲಸಗಾರ ಮತ್ತೆ ಸಿಗಲಿಲ್ಲ" ಎಂದರು. ಮುದುಕರು ಹಿಗ್ಗಿಹೋದರು. ಆ ಕೈಯ ಬಿಸಿ ಹೆಗಲ ಮೇಲಿರುವಂತೆಯೇ ಹೋಗಿ ಹಿಂದಿನ ಸಾಲಿನಲ್ಲಿ ಕೂತರು.

ಸೊಸೆ ಚೆನ್ನಾಗಿ ಮಾತಾಡಿದಳು. ಖಾಲಿ ಅಂಚನ್ನು ಗೋಡೆಯ ಮೇಲೆ ತೋರಿಸಿ, ಇಲ್ಲಿ ಒಬ್ಬ ತಾಯಿ ಬರೆದಿದ್ದಳು, ಸ್ವಚ್ಛ ಮಾಡುವಾಗ ಅದು ಹೋಯಿತು, ನಾವು ಪಾಠ ಹೇಳುವ ಪ್ರತಿ ಪುಟದಲ್ಲೂ ಯಾರು ಕಾಣೆಯಾಗಿದ್ದಾರೋ ಗೊತ್ತಿಲ್ಲ ಎಂದಳು. ವಿದ್ಯಾರ್ಥಿಗಳು ಪಿಸುಗುಟ್ಟುವುದನ್ನೂ ನಿಲ್ಲಿಸಿದ್ದರು. ಆಗ ನಿರ್ದೇಶಕರು ಎದ್ದರು.

"ಇದು ದೊಡ್ಡ ಆರೋಪ ಕಣಮ್ಮ. ಕೊಳೆ ತೆಗೀರಿ ಅಂದಿದ್ವೇ ಹೊರತು ಓದಿದವರ ಬರಹ ಅಳಿಸಿ ಅಂತ ನಾವ್ಯಾರೂ ಹೇಳಿಲ್ಲ. ಅಳಿಸಿದ್ರೆ ಅದು ಅಳಿಸಿದವರ ತಪ್ಪು." ಹಿಂದಕ್ಕೆ ತಿರುಗಿದರು. "ಹೇಗೂ ಇಲ್ಲೇ ಇದ್ದಾರಲ್ಲ. ಏನ್ರೀ, ನೀವು ಬರಹ ಅಳಿಸಿದ್ರಾ?"

ಸಭಾಂಗಣಕ್ಕೆ ಸಭಾಂಗಣವೇ ತಿರುಗಿ ನೋಡಿತು. ಮುದುಕರು ಎದ್ದು ನಿಂತರು. ಹೇಳಬೇಕಾದ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ಹೌದು ಎಂದರೆ ನಾಲ್ಕು ಲಕ್ಷ ಪುಟವೂ ಒಂದೇ ಏಟಿಗೆ ಕೊಳೆಯಾಗುತ್ತಿತ್ತು, ಆ ಕೊಳೆಗೆಲ್ಲ ಅವರೊಬ್ಬರೇ ಹೊಣೆಯಾಗುತ್ತಿದ್ದರು. ವೇದಿಕೆಯ ಮೇಲೆ ಸೊಸೆ ಕಾಯುತ್ತಿದ್ದಳು. ಹೆದರಬೇಡಿ ಎನ್ನುವ ಹಾಗೆ ತಲೆಯಾಡಿಸಿದಳು ಕೂಡ.

"ಇಲ್ಲ ಸಾರ್" ಎಂದರು. "ಬರೀ ಕಲೆ ಇತ್ತು."

ನಿರ್ದೇಶಕರು ಕೂತರು. ಸೊಸೆ ಕಾಗದಗಳನ್ನು ಜೋಡಿಸಿಕೊಂಡು ಕೆಳಗಿಳಿದಳು. ಯಾರೋ ಒಂದಿಬ್ಬರು ಚಪ್ಪಾಳೆ ತಟ್ಟಲು ಹೋಗಿ ನಿಲ್ಲಿಸಿದರು.

ಹೊರಗೆ ಬರುವಾಗ ಆಕೆ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಅವರ ಕಣ್ಣು ಮಂಜಾಗಿದ್ದನ್ನು ಕಂಡು ಮೊಣಕೈ ಹಿಡಿದುಕೊಂಡು, "ಮೆಟ್ಟಿಲಿದೆ ಮಾವ, ನಿಧಾನ" ಎಂದಳು. ಮುದುಕರು ಒಂದೊಂದೇ ಮೆಟ್ಟಿಲು ಇಳಿದರು. ಮಕ್ಕಳಿಬ್ಬರನ್ನೂ ಕಳೆದುಕೊಂಡ ಆ ತಾಯಿಯ ಎರಡು ಸಾಲನ್ನು ಒರೆಸಲು ಅಂದು ಅರ್ಧ ನಿಮಿಷ ಹಿಡಿದಿತ್ತು. ಇಂದು ಅಷ್ಟೂ ಬೇಕಾಗಲಿಲ್ಲ.